ಸದನ ಸರ್ಕಾರದ ಇಲಾಖೆಯಲ್ಲ

ವಿಧಾನಸಭೆಯ ಸಚಿವಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಬರುತ್ತಿದ್ದ ಟಪಾಲಿನ ಎಷ್ಟೋ ಲಕೋಟೆಗಳ ಮೇಲೆ ‘ಕರ್ನಾಟಕ ಸರ್ಕಾರ, ವಿಧಾನಸಭಾ ಇಲಾಖೆ’ ಎಂಬ ವಿಳಾಸ ಇರುತ್ತಿತ್ತು. ಬರೆದವರಲ್ಲಿ ವಕೀಲರೂ ಅಧ್ಯಾಪಕರೂ ನಿವೃತ್ತ ನೌಕರರೂ ಇರುತ್ತಿದ್ದರು. ಅವರನ್ನು ದೂರುವಂತಿಲ್ಲ. ಮುಖ್ಯಮಂತ್ರಿಯವರ ಕಚೇರಿಯೂ ಶಾಸಕರು ಸೇರುವ ಸದನವೂ ವಿಧಾನಸೌಧವೆಂಬ ಒಂದೇ ಕಟ್ಟಡದಲ್ಲಿವೆ. ಅದರ ಮುಂಭಾಗದಲ್ಲಿ ಕೆತ್ತಿರುವುದೂ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನೇ. ಆದರೆ ಆ ಕಲ್ಲಿನ ಕಟ್ಟಡದೊಳಗೆ ಇರುವ ಸಂಸ್ಥೆಗಳು ಎರಡು. ಒಂದು ಆಡಳಿತ ನಡೆಸುತ್ತದೆ, ಇನ್ನೊಂದು ಅದರಿಂದ ಲೆಕ್ಕ ಕೇಳುತ್ತದೆ. ವಿಧಾನಸಭೆಯ ಬಹುಪಾಲು ಹುದ್ದೆಗಳು, ಸಮಿತಿಗಳು, ಗಡುವುಗಳು ಇರುವುದೇ ಈ ಎರಡೂ ಒಂದರೊಳಗೊಂದು ಕರಗಿಹೋಗದಂತೆ ನೋಡಿಕೊಳ್ಳಲು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ರಚನೆಯ ವಿವರಗಳು ತಾವಾಗಿ ಅರ್ಥವಾಗುತ್ತ ಹೋಗುತ್ತವೆ.

ಈ ನೆಲದಲ್ಲಿ ಸಭೆ ಸೇರುವ ಪದ್ಧತಿ ಹಳೆಯದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು; 1907ರಲ್ಲಿ ನ್ಯಾಯವಿಧಾಯಕ ಸಭೆ ಅದರ ಜೊತೆಗೆ ಬಂತು. ಪ್ರಜಾಪ್ರತಿನಿಧಿ ಸಭೆಗೆ ಮೊದಲಲ್ಲಿ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಸೀಮೆಯ ಕಷ್ಟಗಳನ್ನು ಬಿನ್ನವಿಸಿಕೊಳ್ಳುತ್ತಿದ್ದರು. ಬಿನ್ನವಿಸಿಕೊಳ್ಳುವುದಕ್ಕೂ ಉತ್ತರ ಕೇಳುವುದಕ್ಕೂ ಇರುವ ದೂರವನ್ನು ಸಂವಿಧಾನ ಒಂದೇ ಹೆಜ್ಜೆಯಲ್ಲಿ ದಾಟಿಸಿತು. ಅದರ 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಸಾಮೂಹಿಕವಾಗಿ ಹೊಣೆಯಾಗಿರುವುದು ವಿಧಾನಸಭೆಗೆ, ವಿಧಾನ ಪರಿಷತ್ತಿಗಲ್ಲ, ರಾಜ್ಯಪಾಲರಿಗೂ ಅಲ್ಲ. ‘ಕೆಳಮನೆ’ ಎಂಬ ಹೆಸರು ಕೇಳಿ ವಿಧಾನಸಭೆಯನ್ನು ಕಿರಿಯ ಮನೆಯೆಂದು ತಿಳಿಯುವವರಿಗೆ ನಾನು ಮೊದಲು ತೋರಿಸುತ್ತಿದ್ದುದು ಈ ಸಾಲನ್ನೇ.

ಸಂಖ್ಯೆಗಳ ಮಾತನ್ನು ಬೇಗ ಮುಗಿಸುತ್ತೇನೆ. ಯಾವುದೇ ರಾಜ್ಯದ ವಿಧಾನಸಭೆಗೆ ಸಾಮಾನ್ಯ ಮಿತಿ 60ರಿಂದ 500 ಸದಸ್ಯರು, ಕರ್ನಾಟಕದಲ್ಲಿ 224. ಇವುಗಳಲ್ಲಿ 36 ಕ್ಷೇತ್ರಗಳು ಪರಿಶಿಷ್ಟ ಜಾತಿಗಳಿಗೆ, 15 ಪರಿಶಿಷ್ಟ ಪಂಗಡಗಳಿಗೆ ಮೀಸಲು. ಆಂಗ್ಲೋ-ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ 104ನೇ ತಿದ್ದುಪಡಿಯಿಂದಾಗಿ 2020ರಲ್ಲಿ ನಿಂತಿತು. ಕೋರಂ, ಅಂದರೆ ಸಭೆ ನಡೆಯಲು ಹಾಜರಿರಲೇಬೇಕಾದ ಕನಿಷ್ಠ ಸಂಖ್ಯೆ, ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ ಅಥವಾ ಹತ್ತು ಮಂದಿ, ಯಾವುದು ಹೆಚ್ಚೋ ಅದು, ನಮ್ಮಲ್ಲಿ 23. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ಸದಸ್ಯಬಲದ ಶೇಕಡ 15ನ್ನು ಮೀರಬಾರದೆಂದು 2003ರ 91ನೇ ತಿದ್ದುಪಡಿ ವಿಧಿಸಿತು. ಆದ್ದರಿಂದ ಇಲ್ಲಿ 34 ಮಂತ್ರಿಗಳಿಗೆ ಅವಕಾಶ. ಉಳಿದವರು ಆಡಳಿತ ಪಕ್ಷದವರೇ ಆಗಿದ್ದರೂ ಸರ್ಕಾರದವರಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಸಭಾಧ್ಯಕ್ಷರ ಬಲಗಡೆ ಕುಳಿತ ಮಾತ್ರಕ್ಕೆ ಶಾಸಕರ ಪ್ರಶ್ನೆ ಕೇಳುವ ಹಕ್ಕು ಹೋಗುವುದಿಲ್ಲ.

ಈ ವ್ಯವಸ್ಥೆಯ ನಡುಗಂಬ ಸಭಾಧ್ಯಕ್ಷರ ಪೀಠ. ಅವರನ್ನು ನೇಮಿಸುವವರು ಯಾರೂ ಇಲ್ಲ. ಸದನವೇ ತನ್ನ ಸದಸ್ಯರೊಬ್ಬರನ್ನು ಆರಿಸುತ್ತದೆ. ಅವರು ರಾಜೀನಾಮೆ ಕೊಡಬೇಕೆಂದರೆ ಪತ್ರವನ್ನು ಬರೆಯಬೇಕಾದದ್ದು ಮುಖ್ಯಮಂತ್ರಿಗೂ ಅಲ್ಲ, ರಾಜ್ಯಪಾಲರಿಗೂ ಅಲ್ಲ, ಉಪಸಭಾಧ್ಯಕ್ಷರಿಗೆ. ಉಪಸಭಾಧ್ಯಕ್ಷರು ಬರೆಯಬೇಕಾದದ್ದು ಸಭಾಧ್ಯಕ್ಷರಿಗೆ. ಸಭಾಧ್ಯಕ್ಷರನ್ನು ತೆಗೆಯಬೇಕಾದರೆ ಹದಿನಾಲ್ಕು ದಿನಗಳ ನೋಟಿಸು ಬೇಕು, ಅಂದು ಹಾಜರಿದ್ದವರ ಬಹುಮತ ಸಾಲದು, ಆಗ ಸದನದಲ್ಲಿರುವ ಎಲ್ಲ ಸದಸ್ಯರ ಬಹುಮತ ಬೇಕು. ಅವರ ಸಂಬಳ ರಾಜ್ಯದ ಮುಖ್ಯ ಖಜಾನೆಯಾದ ಸಂಚಿತ ನಿಧಿಯ ಮೇಲೆ ‘ಪ್ರಭೃತ’ ವೆಚ್ಚ, ಅಂದರೆ ಅದನ್ನು ವರ್ಷವರ್ಷವೂ ಮತಕ್ಕೆ ಹಾಕುವಂತಿಲ್ಲ. ಎರಡೂ ಕಡೆ ಮತಗಳು ಸಮವಾದಾಗ ಮಾತ್ರ ಅವರು ಮತ ಹಾಕುತ್ತಾರೆ. ಇಷ್ಟೆಲ್ಲ ಕಾಪು ಹಾಕಿದ್ದು ಒಬ್ಬ ವ್ಯಕ್ತಿಯ ಗೌರವಕ್ಕಲ್ಲ. ಸರ್ಕಾರ ಮುನಿಸಿಕೊಂಡರೂ ಪೀಠ ಅಲುಗಾಡದಿರಲಿ ಎಂದು. ನಮ್ಮ ಸದನದಲ್ಲಿ ವೈಕುಂಠ ಬಾಳಿಗಾ ಅವರೂ, ಮೊದಲ ಮಹಿಳಾ ಸಭಾಧ್ಯಕ್ಷೆಯಾದ ಕೆ.ಎಸ್. ನಾಗರತ್ನಮ್ಮ ಅವರೂ ಕುಳಿತ ಪೀಠ ಅದು.

ಪೀಠಕ್ಕೆ ಕೈಯಾಗಿ ಒಂದು ಸಚಿವಾಲಯ ಬೇಕಲ್ಲವೇ? ಸಂವಿಧಾನದ 187ನೇ ವಿಧಿ ಸದನಕ್ಕೆ ಪ್ರತ್ಯೇಕ ಸಿಬ್ಬಂದಿಯನ್ನು ಕೊಟ್ಟಿದೆ. ಪೀಠದ ಕೆಳಗಿನ ಮೇಜಿನ ಬಳಿ ಕುಳಿತಿರುವ ಕಾರ್ಯದರ್ಶಿಯವರು, ಆಡಿದ ಮಾತನ್ನೆಲ್ಲ ದಾಖಲಿಸುವ ವರದಿಗಾರರು, ಮಾರ್ಷಲ್‌ಗಳು, ಸಮಿತಿ ಶಾಖೆಗಳ ಅಧಿಕಾರಿಗಳು ಯಾವ ಮಂತ್ರಿಯ ಕೈಕೆಳಗೂ ಬರುವುದಿಲ್ಲ. ನಾವು ಹೊಸದಾಗಿ ಸೇರಿದಾಗ ಹಿರಿಯ ಅಧಿಕಾರಿಯೊಬ್ಬರು ಹೇಳಿಕೊಟ್ಟ ಮೊದಲ ಪಾಠವೆಂದರೆ, ಇಲಾಖೆಗೆ ಪತ್ರ ಬರೆಯುವಾಗ ‘ಸರ್ಕಾರದ ಆದೇಶದ ಮೇರೆಗೆ’ ಎಂಬ ಮಾತು ನಮ್ಮ ಕರಡಿನಲ್ಲಿ ಎಂದೂ ಬರಕೂಡದು ಎಂಬುದು. ಆಗ ಅದು ಭಾಷೆಯ ಮಡಿಯೆಂದು ತೋರಿತ್ತು. ಮುಂದೆ, ಇಲಾಖೆಗಳಿಂದ ಉತ್ತರ ತರಿಸಿಕೊಳ್ಳುವ ಕೆಲಸಕ್ಕೆ ಕುಳಿತಾಗ, ಆ ಮಾತಿನ ತೂಕ ಗೊತ್ತಾಯಿತು.

ಆ ಕೆಲಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಸದನದ ಶಕ್ತಿಯನ್ನು ನಾನು ಕಂಡದ್ದು ಹೆಚ್ಚಾಗಿ ಅಲ್ಲಿ. ಮೌಖಿಕ ಉತ್ತರ ಬೇಕಾದ ಪ್ರಶ್ನೆಗೆ ಚುಕ್ಕೆ ಗುರುತು ಇರುತ್ತದೆ. ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆ ಕಾಗದದ ಎಡಭಾಗದಲ್ಲಿ (ಅ), (ಆ), (ಇ) ಎಂದು ಸಾಲಾಗಿ, ಉತ್ತರ ಬಲಭಾಗದಲ್ಲಿ. ‘ಕೆರೆಗಳ ಸ್ಥಿತಿ ಹೇಗಿದೆ?’ ಎಂದು ಕೇಳಿದ ಸದಸ್ಯರಿಗೆ ‘ಸರ್ಕಾರ ಕ್ರಮ ಕೈಗೊಳ್ಳುತ್ತಿದೆ’ ಎಂಬ ಒಂದು ಸಾಲು ಸಿಗುತ್ತದೆ. ‘ತಾಲ್ಲೂಕಿನಲ್ಲಿ ಎಷ್ಟು ಕೆರೆಗಳಿವೆ, ಎಷ್ಟರ ಸರ್ವೆ ಮುಗಿದಿದೆ, ಎಷ್ಟು ಎಕರೆ ಒತ್ತುವರಿಯಾಗಿದೆ, ಯಾವ ದಿನಾಂಕದೊಳಗೆ ತೆರವು ಮಾಡಲಾಗುವುದು’ ಎಂದು ಬಿಡಿಬಿಡಿಯಾಗಿ ಕೇಳಿದವರಿಗೆ ಪಟ್ಟಿಯೇ ಸಿಗುತ್ತದೆ, ಏಕೆಂದರೆ ಆ ಪಟ್ಟಿಗಾಗಿ ಕಾರ್ಯದರ್ಶಿಯಿಂದ ತಹಶೀಲ್ದಾರರವರೆಗೂ ಕಡತ ಓಡಲೇಬೇಕು. ತಮ್ಮ ಊರಿನ ತೊಂದರೆಯನ್ನು ಶಾಸಕರ ಮುಂದೆ ಒಯ್ಯುವವರು ಮನವಿಪತ್ರದ ಜೊತೆಗೆ ಹೀಗೆ ಕೇಳಬಹುದಾದ ನಾಲ್ಕು ಸಾಲುಗಳನ್ನೂ ಬರೆದುಕೊಟ್ಟರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಸದನದಲ್ಲಿ ಮಂತ್ರಿಗಳು ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಆ ಮಾತು ಗಾಳಿಗೆ ಹೋಗುವುದಿಲ್ಲ. ನಡವಳಿಯಿಂದ ಅಂಥ ಮಾತುಗಳನ್ನು ಹೆಕ್ಕಿ ತೆಗೆದು, ಭರವಸೆಗಳ ಸಮಿತಿ ಅವುಗಳ ಬೆನ್ನು ಹತ್ತುತ್ತದೆ; ಇಲಾಖೆ ಮಾಡಿದ್ದೇನು ಎಂದು ಲಿಖಿತವಾಗಿ ಹೇಳಬೇಕು. ನಿಧಾನದ ಕೆಲಸ ನಿಜ. ಆದರೂ ಆಡಿದ ಮಾತನ್ನು ಬರಹದಲ್ಲಿ ಹಿಡಿದಿಟ್ಟು ಮತ್ತೆ ಮುಂದಿಡುವ ಇಂಥ ಏರ್ಪಾಡು ಆಡಳಿತದಲ್ಲಿ ಬೇರೆ ಕಡೆ ನನಗೆ ಕಾಣಿಸಲಿಲ್ಲ.

ಸಮಿತಿಗಳಲ್ಲಿ ಹಣಕ್ಕೆ ಸಂಬಂಧಿಸಿದವು ಮುಖ್ಯ. ಅಂದಾಜುಗಳ ಸಮಿತಿ, ಸಾರ್ವಜನಿಕ ಉದ್ಯಮಗಳ ಸಮಿತಿ, ಎಲ್ಲಕ್ಕಿಂತ ಮಿಗಿಲಾಗಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಸರ್ಕಾರದ ಲೆಕ್ಕಗಳನ್ನು ಪರಿಶೋಧಿಸುವ ಮಹಾಲೇಖಪಾಲರ (ಸಿಎಜಿ) ವರದಿ ಸದನದಲ್ಲಿ ಮಂಡನೆಯಾದ ಮೇಲೆ ಈ ಸಮಿತಿ ಇಲಾಖೆಯ ಕಾರ್ಯದರ್ಶಿಗಳನ್ನು ಕರೆಸಿ ವಿಚಾರಿಸುತ್ತದೆ. ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದ ಸದಸ್ಯರಿಗೆ ಕೊಡುವುದು ಸಂಪ್ರದಾಯ. ಒಂದು ನಿರ್ದಿಷ್ಟ ವಿಷಯಕ್ಕೆಂದು ಸದನ ಸಮಿತಿಯನ್ನೂ ರಚಿಸಬಹುದು. ಬೆಂಗಳೂರು ನಗರ ಜಿಲ್ಲೆಯಲ್ಲಿ ಸರ್ಕಾರಿ ಜಮೀನಿನ ಒತ್ತುವರಿಯನ್ನು ಪರಿಶೀಲಿಸಿದ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಜಂಟಿ ಸಮಿತಿಯನ್ನೂ, ಕೆರೆಗಳ ಒತ್ತುವರಿಯನ್ನು ಪರಿಶೀಲಿಸಿದ ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯ ಸಮಿತಿಯನ್ನೂ ಜನ ಇಂದಿಗೂ ನೆನೆಯುತ್ತಾರೆ. ಸಮಿತಿಯ ಕೊಠಡಿಯಲ್ಲಿ ಟಿ.ವಿ. ಕ್ಯಾಮೆರಾ ಇರುವುದಿಲ್ಲ. ಹೀಗಾಗಿ ಬೇರೆ ಬೇರೆ ಪಕ್ಷಗಳ ಸದಸ್ಯರು ಅಲ್ಲಿ ಒಂದೇ ಕಡತದ ಮೇಲೆ ಒಟ್ಟಿಗೆ ಬಾಗಿ ಓದುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಸಭಾಂಗಣದಲ್ಲಿ ಪರಸ್ಪರ ಕೂಗಾಡಿದವರೇ ಅವರು.

ಶಾಸನದ ವಿಷಯದಲ್ಲಿ ಕ್ರಮ ಸರಳ: ವಿಧೇಯಕದ ಮಂಡನೆ, ಪರ್ಯಾಲೋಚನೆ ಎಂದರೆ ಅದರ ಮೇಲಿನ ಚರ್ಚೆ, ಖಂಡಗಳ ಮೇಲೆ ಒಂದೊಂದಾಗಿ ಒಪ್ಪಿಗೆ, ಕೊನೆಗೆ ಅಂಗೀಕಾರ. ವಿಧಾನ ಪರಿಷತ್ತು ಒಪ್ಪದಿದ್ದರೆ ಅದು ತಡಮಾಡಬಲ್ಲದೇ ಹೊರತು ತಡೆಯಲಾರದು. ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಒಂದು ತಿಂಗಳು, ಅಷ್ಟೇ. 2024ರ ಫೆಬ್ರುವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕ ಪರಿಷತ್ತಿನಲ್ಲಿ ಬಿದ್ದುಹೋಯಿತು. ಅದೇ ತಿಂಗಳು ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿತು. ತೆರಿಗೆ, ಸರ್ಕಾರದ ಖರ್ಚು ಮುಂತಾದ ಹಣದ ವಿಷಯಕ್ಕೆ ಮಾತ್ರ ಸೀಮಿತವಾದ ಧನ ವಿಧೇಯಕವಾದರೆ ಪರಿಷತ್ತಿಗೆ ಇರುವುದು ಹದಿನಾಲ್ಕು ದಿನ ಮಾತ್ರ, ಮತ್ತು ಯಾವುದು ಧನ ವಿಧೇಯಕ ಎಂದು ಪ್ರಮಾಣೀಕರಿಸುವವರು ಸಭಾಧ್ಯಕ್ಷರು. ಇಲಾಖೆಗಳ ಅನುದಾನದ ಬೇಡಿಕೆಗಳಿಗೆ ಮತ ಹಾಕುವ ಅಧಿಕಾರವಂತೂ ವಿಧಾನಸಭೆಗೆ ಮಾತ್ರ ಸೇರಿದ್ದು. ಧನವಿನಿಯೋಗ ವಿಧೇಯಕ ಅಂಗೀಕಾರವಾಗದೆ ಖಜಾನೆಯಿಂದ ಹಣ ಹೊರಗೆ ಬರುವಂತಿಲ್ಲ.

ಇಷ್ಟೊಂದು ಗಟ್ಟಿಯಾಗಿ ಕಟ್ಟಿದ ಗೋಡೆ ಎಲ್ಲೆಲ್ಲಿ ತೆಳುವಾಗಿದೆ ಎಂಬುದನ್ನೂ ಹೇಳದೆ ಬಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಮೊದಲನೆಯದು ಸಮಯ. ಅಧಿವೇಶನ ಕರೆಯುವವರು ರಾಜ್ಯಪಾಲರು, ಆದರೆ ಮಂತ್ರಿಮಂಡಲದ ಸಲಹೆಯ ಮೇರೆಗೆ. ಸಂವಿಧಾನ ಕೇಳುವುದು ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಬೀಳದಿರಲಿ ಎಂದಷ್ಟೇ. ಅದು ಸಾಲದೆಂದು ಕಂಡೇ ಕರ್ನಾಟಕ 2005ರಲ್ಲಿ, ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ತನಗೆ ತಾನೇ ಕಾಯ್ದೆ ಮಾಡಿಕೊಂಡಿತು. ಆ ಅರುವತ್ತನ್ನು ಮುಟ್ಟದ ವರ್ಷಗಳೇ ಹೆಚ್ಚು. ದಿನಗಳು ಕಡಿಮೆಯಾದಾಗ ಮೊದಲು ಸೊರಗುವುದು ಪರ್ಯಾಲೋಚನೆ ಮತ್ತು ಬೇಡಿಕೆಗಳ ಚರ್ಚೆ. ಗದ್ದಲದ ನಡುವೆ ಸಾಲಾಗಿ ಧ್ವನಿಮತಕ್ಕೆ ಹಾಕಿದ ವಿಧೇಯಕಗಳ ನಡವಳಿಯನ್ನು ಓದಿದಾಗ ನನಗೆ ಈಗಲೂ ನೋವಾಗುತ್ತದೆ. ಸರ್ಕಾರವನ್ನು ಕೇಳಬೇಕಾದ ಸಂಸ್ಥೆ ಯಾವಾಗ ಸೇರಬೇಕೆಂಬುದನ್ನು ಸರ್ಕಾರವೇ ತೀರ್ಮಾನಿಸುವುದು ಈ ರಚನೆಯ ದೊಡ್ಡ ಕೊರತೆಯೆಂದು ನಾನು ನಂಬಿದ್ದೇನೆ. ವರ್ಷದ ದಿನಸೂಚಿಯನ್ನು ಮೊದಲೇ ಪ್ರಕಟಿಸಿ ಅದಕ್ಕೆ ಬದ್ಧರಾಗಿದ್ದರೆ ಈ ಕೊರತೆಯ ಬಹುಭಾಗ ತೀರುತ್ತದೆ.

ಎರಡನೆಯದು ಸಂವಿಧಾನದ ಹತ್ತನೇ ಅನುಸೂಚಿ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಈ ನಿಯಮಗಳ ಪ್ರಕಾರ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ, ಮೀರಿ ಮತ ಹಾಕಿದವರು ಸ್ಥಾನ ಕಳೆದುಕೊಳ್ಳಬಹುದು, ಮತ್ತು ಅದನ್ನು ತೀರ್ಮಾನಿಸುವವರು ಸಭಾಧ್ಯಕ್ಷರು. ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಹೀಗೆ ಪೀಠದ ಮೇಲೆಯೇ ಬಂದು ಕುಳಿತಿತು. ಕರ್ನಾಟಕ ಇದರ ಭಾರವನ್ನು ಚೆನ್ನಾಗಿ ಬಲ್ಲದು. 2010ರಲ್ಲಿ 16 ಶಾಸಕರನ್ನು ಅನರ್ಹಗೊಳಿಸಿದ ಆದೇಶಗಳನ್ನು ಮರುವರ್ಷ ಸುಪ್ರೀಂ ಕೋರ್ಟ್ ರದ್ದುಮಾಡಿತು. 2019ರಲ್ಲಿ 17 ಶಾಸಕರ ಅನರ್ಹತೆಯನ್ನು ಅದು ಎತ್ತಿಹಿಡಿಯಿತು, ಆದರೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ತೆಗೆದುಹಾಕಿತು. ನಿಷ್ಪಕ್ಷಪಾತವಾಗಿರಬೇಕಾದ ಪೀಠಕ್ಕೆ ಇಂಥ ತೀರ್ಪಿನ ಹೊಣೆ ಹೊರಿಸದೆ ಸ್ವತಂತ್ರ ನ್ಯಾಯಮಂಡಳಿಗೆ ಕೊಡುವುದು ಸರಿಯೆಂಬ ಅಭಿಪ್ರಾಯಕ್ಕೆ, ಕಡತಗಳ ನಡುವೆ ವರ್ಷಗಳನ್ನು ಕಳೆದ ನಾನೂ ಬಂದಿದ್ದೇನೆ.

ಇದೇ ನಾಡು ದೇಶಕ್ಕೆ ಕೊಟ್ಟ ಇನ್ನೊಂದು ಪಾಠವೂ ಇದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ಸದನದಲ್ಲಿ ಬಲ ಪರೀಕ್ಷಿಸದೆ ವಜಾ ಮಾಡಲಾಯಿತು. ಆ ಪ್ರಕರಣದಲ್ಲಿ 1994ರಲ್ಲಿ ಬಂದ ತೀರ್ಪು, ಬಹುಮತದ ಲೆಕ್ಕ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸ್ಪಷ್ಟಪಡಿಸಿತು. 2019ರ ಜುಲೈ 23ರಂದು ವಿಶ್ವಾಸಮತದ ಮೇಲೆ ಸದಸ್ಯರನ್ನು ಸಾಲುಸಾಲಾಗಿ ನಿಲ್ಲಿಸಿ ತಲೆ ಎಣಿಸಿದಾಗ ಪರವಾಗಿ 99, ವಿರುದ್ಧವಾಗಿ 105 ಮತ ಬಂದವು, ಸರ್ಕಾರ ಬಿತ್ತು. ಆ ಎಣಿಕೆಯ ಹೊತ್ತಿನಲ್ಲಿ ಯಾರ ಬಾಯಲ್ಲೂ ‘ವಿಧಾನಸಭಾ ಇಲಾಖೆ’ ಎಂಬ ಮಾತು ಬರಲಾರದು.

ಅವಧಿ ಮುಗಿದು ಅಥವಾ ನಡುವೆಯೇ ಸದನ ವಿಸರ್ಜನೆಯಾದ ದಿನ 224 ಮಂದಿಯೂ ಮಾಜಿ ಸದಸ್ಯರಾಗುತ್ತಾರೆ. ವಿಧಾನಸಭೆಯಲ್ಲಿ ಬಾಕಿಯಿದ್ದ ವಿಧೇಯಕಗಳೂ, ಅದು ಅಂಗೀಕರಿಸಿ ಪರಿಷತ್ತಿನಲ್ಲಿ ಬಾಕಿಯಿದ್ದವೂ ಸತ್ತುಹೋಗುತ್ತವೆ. ಆದರೆ ಸಭಾಧ್ಯಕ್ಷರ ಪೀಠ ಬರಿದಾಗುವುದಿಲ್ಲ: ಹೊಸ ವಿಧಾನಸಭೆ ಮೊದಲ ಸಲ ಸೇರುವ ಕ್ಷಣದವರೆಗೂ ಅವರು ಆ ಹುದ್ದೆಯಲ್ಲಿ ಇರುತ್ತಾರೆ. ಆ ವಾರಗಳಲ್ಲಿ ಸಚಿವಾಲಯದ ಸಿಬ್ಬಂದಿ ಹೊಸ ಸದಸ್ಯರ ಪಟ್ಟಿಯನ್ನು ಸಿದ್ಧಮಾಡುತ್ತಾರೆ, ಪ್ರಮಾಣವಚನದ ನಮೂನೆಗಳನ್ನು ಜೋಡಿಸುತ್ತಾರೆ. ರಾಜ್ಯಪಾಲರು ನೇಮಿಸಿದ ಹಂಗಾಮಿ ಸಭಾಧ್ಯಕ್ಷರು ಬೆಳಿಗ್ಗೆ ಪೀಠಕ್ಕೆ ಬಂದು ಕುಳಿತ ಮೇಲೆ ಒಂದೊಂದೇ ಹೆಸರನ್ನು ಕೂಗಲಾಗುತ್ತದೆ. ಮುಖ್ಯಮಂತ್ರಿಯಾಗುವವರೂ ಮೊದಲ ಸಲ ಗೆದ್ದು ಬಂದವರೂ ಅದೇ ಮೇಜಿನ ಬಳಿಗೆ ನಡೆದುಬಂದು, ಪ್ರಮಾಣ ಸ್ವೀಕರಿಸಿ, ಸದಸ್ಯರ ಪುಸ್ತಕದಲ್ಲಿ ರುಜು ಹಾಕಿ ತಮ್ಮ ತಮ್ಮ ಆಸನಗಳಿಗೆ ಹೋಗುತ್ತಾರೆ.