ಗೇಮ್ ಕೆಳಗೆ 16+ ಅಂತ ಹಾಕುವವರು ಯಾರು? ಅದನ್ನು ನಂಬಬಹುದಾ?

ಓದುಗರ ಪ್ರಶ್ನೆ: ಮಗನಿಗೆ ಈಗ ಹನ್ನೆರಡು ವರ್ಷ. ಅವನು ಕೇಳುವ ಗೇಮ್‌ಗಳ ಕೆಳಗೆ ಪ್ಲೇ ಸ್ಟೋರ್‌ನಲ್ಲಿ ಒಂದಕ್ಕೆ 12+, ಇನ್ನೊಂದಕ್ಕೆ 16+ ಅಂತ ಇರುತ್ತದೆ. ಸಿನಿಮಾಗೆ ಸೆನ್ಸಾರ್ ಮಂಡಳಿ ಇದ್ದ ಹಾಗೆ ಗೇಮ್‌ಗಳನ್ನೂ ಯಾರಾದರೂ ನೋಡಿ ಸರ್ಟಿಫಿಕೇಟ್ ಕೊಡುತ್ತಾರಾ? ಆ ನಂಬರ್ ನೋಡಿಕೊಂಡು ಕೊಡಿಸಿದರೆ ಸಾಕಾ?

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ನಮ್ಮ ದೇಶದಲ್ಲಿ ಗೇಮ್‌ಗಳಿಗೆ ಸೆನ್ಸಾರ್ ಮಂಡಳಿ ಇಲ್ಲ. ಸಿನಿಮಾಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಇದೆ. ಮಂಡಳಿಯವರು ಕೂತು ಸಿನಿಮಾ ನೋಡಿ ಯು, ಯುಎ, ಎ ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಈಚೆಗೆ ಯುಎ ಒಳಗೇ 7+, 13+, 16+ ಅಂತ ಮೂರು ಮೆಟ್ಟಿಲು ಬಂದಿವೆ. ಈ ಅಂಕಿಗಳು ಪ್ಲೇ ಸ್ಟೋರ್‌ನ ಅಂಕಿಗಳ ಹಾಗೇ ಕಾಣುವುದರಿಂದ ಎರಡೂ ಒಂದೇ ಕಡೆಯಿಂದ ಬರುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದಕ್ಕೊಂದು ಸಂಬಂಧವೇ ಇಲ್ಲ.

ಹಾಗಾದರೆ ಫೋನಿನಲ್ಲಿ ಕಾಣುವ 16+ ಎಲ್ಲಿಂದ ಬಂತು? ಗೇಮ್ ಮಾಡಿದವರೇ ತುಂಬಿದ ಒಂದು ಫಾರಂನಿಂದ.

ಬೇರೆ ಬೇರೆ ದೇಶಗಳ ರೇಟಿಂಗ್ ಸಂಸ್ಥೆಗಳು ಸೇರಿ 2013ರಲ್ಲಿ ಐಎಆರ್‌ಸಿ ಅಂತ ಒಂದು ಒಕ್ಕೂಟ ಮಾಡಿಕೊಂಡವು. 2015ರಲ್ಲಿ ಗೂಗಲ್ ಪ್ಲೇ ಇದಕ್ಕೆ ಸೇರಿತು. ಗೇಮ್ ಅನ್ನು ಸ್ಟೋರ್‌ಗೆ ಹಾಕುವಾಗ ಡೆವಲಪರ್ ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆಟದಲ್ಲಿ ಹಿಂಸೆ ಇದೆಯಾ? ರಕ್ತ ಕಾಣುತ್ತದಾ? ಬೈಗುಳ, ನಗ್ನತೆ, ಮಾದಕ ವಸ್ತು, ಜೂಜು ಇದೆಯಾ? ಆಟಗಾರರು ಒಬ್ಬರಿಗೊಬ್ಬರು ಮಾತಾಡಬಹುದಾ? ಆಟದೊಳಗೆ ದುಡ್ಡು ಖರ್ಚು ಮಾಡಬಹುದಾ? ಫಾರಂ ಕಳಿಸಿದ ಕೂಡಲೇ ಕಂಪ್ಯೂಟರ್ ಲೆಕ್ಕ ಹಾಕಿ ಪ್ರತಿ ದೇಶಕ್ಕೂ ಒಂದೊಂದು ರೇಟಿಂಗ್ ಕೊಡುತ್ತದೆ. ಅಮೆರಿಕಕ್ಕೆ ಅಲ್ಲಿನ ರೇಟಿಂಗ್ ಸಂಸ್ಥೆ ಇಎಸ್‌ಆರ್‌ಬಿ ಲೆಕ್ಕ, ಯುರೋಪಿನ ಬಹುಪಾಲು ದೇಶಗಳಿಗೆ ಪೆಗಿ ಲೆಕ್ಕ, ಜರ್ಮನಿಗೆ ಯುಎಸ್‌ಕೆ ಲೆಕ್ಕ. ಸ್ವಂತ ಸಂಸ್ಥೆ ಇಲ್ಲದ ದೇಶಗಳಿಗೆ ಒಂದು ಸಾಮಾನ್ಯ ಅಂಕಿ: 3+, 7+, 12+, 16+, 18+. ನಾವು ನೋಡುತ್ತಿರುವುದು ಇದನ್ನೇ.

ಸುಳ್ಳು ಬರೆದರೆ? ಆಮೇಲೆ ಪರಿಶೀಲನೆ ನಡೆಯುತ್ತದೆ, ದೂರು ಬಂದರೆ ರೇಟಿಂಗ್ ಬದಲಾಗುತ್ತದೆ. ಆದರೆ ಗೇಮ್ ನಿಮ್ಮ ಮಗನ ಕೈಗೆ ಬರುವ ಮುಂಚೆ ಯಾರೋ ಒಬ್ಬರು ಪೂರ್ತಿ ಆಡಿ ನೋಡಿರುತ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ. ಐಫೋನ್ ಇದ್ದರೆ ಅಲ್ಲಿ ಆಪಲ್‌ನವರದ್ದೇ ಬೇರೆ ಅಂಕಿ. ಅದೂ ಶುರುವಾಗುವುದು ಡೆವಲಪರ್ ಕೊಟ್ಟ ಉತ್ತರದಿಂದಲೇ.

ಡಿಸ್ಕ್‌ನಲ್ಲಿ ಬರುವ ದೊಡ್ಡ ಗೇಮ್‌ಗಳಿಗೆ ಇದಕ್ಕಿಂತ ಗಟ್ಟಿ ಪದ್ಧತಿ ಇದೆ. ಅಮೆರಿಕದಲ್ಲಿ ಕಂಪನಿಯವರು ಆಟದ ಅತಿ ತೀವ್ರ ದೃಶ್ಯಗಳನ್ನು ವಿಡಿಯೋ ಮಾಡಿ ಇಎಸ್‌ಆರ್‌ಬಿಗೆ ಕಳಿಸಬೇಕು. ಕನಿಷ್ಠ ಮೂರು ಜನ ಅದನ್ನು ನೋಡಿ ರೇಟಿಂಗ್ ಹೇಳುತ್ತಾರೆ. ಅವರೂ ಪೂರ್ತಿ ಆಡುವುದಿಲ್ಲ. ಎರಡೂವರೆ ಗಂಟೆಯ ಸಿನಿಮಾ ಕೂತು ನೋಡಬಹುದು, ನೂರು ಗಂಟೆಯ ಆಟವನ್ನು ಅದರ ಎಲ್ಲ ದಾರಿಗಳಲ್ಲೂ ಆಡಿ ಮುಗಿಸುವುದು ಆಗದ ಕೆಲಸ.

ಈ ಪದ್ಧತಿ ಒಮ್ಮೆ ದೊಡ್ಡದಾಗಿಯೇ ಎಡವಿತು. 2004ರಲ್ಲಿ ಬಂದ ಜಿಟಿಎ ಸ್ಯಾನ್ ಆಂಡ್ರಿಯಾಸ್‌ಗೆ 17 ದಾಟಿದವರಿಗೆ ಅಂತ ರೇಟಿಂಗ್ ಸಿಕ್ಕಿತ್ತು. ಕಂಪನಿಯವರು ಕೈಬಿಟ್ಟಿದ್ದ ಒಂದು ಲೈಂಗಿಕ ದೃಶ್ಯದ ಕೋಡ್ ಡಿಸ್ಕ್‌ನಲ್ಲೇ ಉಳಿದುಬಿಟ್ಟಿತ್ತು. ಆಡುವವರಿಗೆ ಅದು ಕಾಣುತ್ತಿರಲಿಲ್ಲ. 2005ರಲ್ಲಿ ನೆದರ್ಲೆಂಡ್ಸ್‌ನ ಒಬ್ಬ ಪ್ರೋಗ್ರಾಮರ್ ಅದನ್ನು ತೆರೆಯುವ ದಾರಿ ಕಂಡುಹಿಡಿದ. ಹಾಟ್ ಕಾಫಿ ಅಂತ ಅದಕ್ಕೆ ಹೆಸರು. ಆ ಜುಲೈನಲ್ಲಿ ಇಎಸ್‌ಆರ್‌ಬಿ ರೇಟಿಂಗ್ ಅನ್ನು ವಯಸ್ಕರಿಗೆ ಮಾತ್ರ ಅಂತ ಏರಿಸಿತು. 17ಕ್ಕೂ 18ಕ್ಕೂ ಒಂದೇ ವರ್ಷದ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಆದರೆ ವಯಸ್ಕರಿಗೆ ಮಾತ್ರ ಅನ್ನುವ ಗೇಮ್ ಅನ್ನು ದೊಡ್ಡ ಅಂಗಡಿಗಳು ಇಡುವುದೇ ಇಲ್ಲ, ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಕಂಪನಿಗಳೂ ಒಳಗೆ ಬಿಡುವುದಿಲ್ಲ. ಹಾಗಾಗಿ ಆ ಡಿಸ್ಕ್‌ಗಳು ಅಂಗಡಿಗಳಿಂದ ವಾಪಸ್ ಹೋದವು, ಕೋಡ್ ತೆಗೆದ ಹೊಸ ಡಿಸ್ಕ್ ಬಂತು. ಗಮನಿಸಿ, ಇಷ್ಟಾದರೂ ಸರ್ಕಾರ ಕತ್ತರಿ ಹಿಡಿದಿರಲಿಲ್ಲ. ಅಮೆರಿಕದಲ್ಲಿ ರೇಟಿಂಗ್ ಅನ್ನುವುದು ಉದ್ಯಮ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಹಿಂಸೆಯ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿತು. ಪುಸ್ತಕಕ್ಕೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯವೇ ಗೇಮ್‌ಗೂ ಇದೆ ಅಂದಿತು.

ಇಎಸ್‌ಆರ್‌ಬಿ ಹುಟ್ಟಿದ್ದೂ ಸರ್ಕಾರದ ಭಯದಿಂದಲೇ. 1993ರಲ್ಲಿ ಮಾರ್ಟಲ್ ಕಾಂಬ್ಯಾಟ್ ಅನ್ನುವ ಹೊಡೆದಾಟದ ಆಟ ಮನೆಯ ಗೇಮ್ ಯಂತ್ರಗಳಿಗೆ ಬಂತು. ನಿಂಟೆಂಡೊ ತನ್ನ ಆವೃತ್ತಿಯಲ್ಲಿ ಕೆಂಪು ರಕ್ತವನ್ನು ಬೂದು ಬಣ್ಣದ ಬೆವರು ಮಾಡಿತು. ಸೆಗಾದವರ ಆವೃತ್ತಿಯಲ್ಲಿ ಒಂದು ಗುಟ್ಟಿನ ಕೋಡ್ ಒತ್ತಿದರೆ ರಕ್ತ ಬರುತ್ತಿತ್ತು. ಜಾಸ್ತಿ ಮಾರಾಟವಾಗಿದ್ದು ಸೆಗಾದ್ದು. ಆ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ನೀವು ಸರಿಮಾಡಿಕೊಳ್ಳದಿದ್ದರೆ ನಾವು ಮಾಡುತ್ತೇವೆ ಅನ್ನುವ ಧಾಟಿಯ ಎಚ್ಚರಿಕೆ ಅದು. 1994ರಲ್ಲಿ ಕಂಪನಿಗಳೇ ಸೇರಿ ರೇಟಿಂಗ್ ಶುರುಮಾಡಿದವು.

ಒಂದೇ ಗೇಮ್‌ಗೆ ಒಂದೊಂದು ದೇಶದಲ್ಲಿ ಒಂದೊಂದು ನಂಬರ್ ಯಾಕೆ ಅನ್ನುವುದೂ ಹಲವರು ಕೇಳುವ ಮಾತು. ಇದಕ್ಕೆ 2008ರ ಫಾಲ್‌ಔಟ್ 3 ಕಥೆ ಹೇಳಲೇಬೇಕು. ಅಣುಯುದ್ಧ ಮುಗಿದ ಎಷ್ಟೋ ಕಾಲದ ಮೇಲಿನ ಅಮೆರಿಕದಲ್ಲಿ ನಡೆಯುವ ಆಟ ಅದು. ಕೈಕಾಲಿಗೆ ಪೆಟ್ಟು ಬಿದ್ದರೆ ನೋವು ಮರೆಯಲು ಮಾರ್ಫಿನ್ ತೆಗೆದುಕೊಳ್ಳುವ ಅವಕಾಶ ಇತ್ತು. ಆಸ್ಟ್ರೇಲಿಯಾದ ಮಂಡಳಿ ತಕರಾರು ತೆಗೆದದ್ದು ಇದಕ್ಕೆ. ರುಂಡ ಹಾರುವ ಆಟ ಅದು, ಆದರೂ ಅವರು ಹಿಡಿದುಕೊಂಡಿದ್ದು ನಿಜ ಜಗತ್ತಿನ ಒಂದು ಮಾದಕ ವಸ್ತುವಿನ ಹೆಸರನ್ನು. ಆಗ ಆಸ್ಟ್ರೇಲಿಯಾದಲ್ಲಿ ಗೇಮ್‌ಗಳಿಗೆ 18ರ ವರ್ಗವೇ ಇರಲಿಲ್ಲ. 15ರ ವರ್ಗಕ್ಕೆ ಹೊಂದದಿದ್ದರೆ ಮಾರುವಂತೆಯೇ ಇಲ್ಲ. ಕಂಪನಿ ಮಾರ್ಫಿನ್ ಹೆಸರನ್ನು ಮೆಡ್-ಎಕ್ಸ್ ಅಂತ ಬದಲಿಸಿತು, ಅದೂ ಪ್ರಪಂಚಕ್ಕೆಲ್ಲ. ಒಂದು ದೇಶದ ಮಂಡಳಿಯ ಆಕ್ಷೇಪಣೆಯಿಂದ ಎಲ್ಲ ದೇಶದವರು ಆಡುವ ಆಟ ಬದಲಾಯಿತು. ಆಸ್ಟ್ರೇಲಿಯಾಕ್ಕೆ 18ರ ವರ್ಗ ಬಂದಿದ್ದು 2013ರ ಜನವರಿಯಲ್ಲಿ.

ಅದೇ ಆಟ ಜಪಾನ್‌ಗೆ ಹೋದಾಗ ಅಡ್ಡ ಬಂದಿದ್ದು ಬೇರೆಯೇ. ಆಟದಲ್ಲಿ ಮೆಗಾಟನ್ ಅಂತ ಒಂದು ಊರು. ಊರ ನಡುವೆ ಸಿಡಿಯದೆ ಬಿದ್ದಿರುವ ಅಣುಬಾಂಬ್. ನೀವು ಬೇಕಾದರೆ ಅದನ್ನು ಸಿಡಿಯದ ಹಾಗೆ ಮಾಡಬಹುದು, ಇಲ್ಲ ದುಡ್ಡಿನ ಆಸೆಗೆ ಊರಿಗೆ ಊರನ್ನೇ ಸುಡಬಹುದು. ಜಪಾನಿನ ಆವೃತ್ತಿಯಲ್ಲಿ ಎರಡನೇ ದಾರಿಯನ್ನು ಮುಚ್ಚಿದರು. ಆಟದಲ್ಲಿ ಫ್ಯಾಟ್ ಮ್ಯಾನ್ ಅನ್ನುವ ಒಂದು ಆಯುಧ ಇತ್ತು. ನಾಗಾಸಾಕಿ ಮೇಲೆ ಬಿದ್ದ ಬಾಂಬಿನ ಹೆಸರೂ ಅದೇ. ಅದನ್ನೂ ಬದಲಿಸಿದರು. ಇದನ್ನು ಸುಮ್ನೆ ಮಡಿವಂತಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆ ಬಾಂಬ್ ಬಿದ್ದದ್ದು ಅವರ ಊರಿನ ಮೇಲೆ.

ಭಾರತದ ಎಕ್ಸ್‌ಬಾಕ್ಸ್‌ಗೆ? ಬರಲೇ ಇಲ್ಲ. 2008ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಹೇಳಿ ಇಲ್ಲಿನ ಎಕ್ಸ್‌ಬಾಕ್ಸ್ ಬಿಡುಗಡೆಯನ್ನು ಕೈಬಿಟ್ಟಿತು. ಯಾವ ಸೂಕ್ಷ್ಮತೆ ಅಂತ ಬಿಡಿಸಿ ಹೇಳಲಿಲ್ಲ. ಆಟದಲ್ಲಿ ಎರಡು ತಲೆಯ ದನ ಒಂದಿದೆ, ಅದನ್ನು ಬ್ರಾಹ್ಮಿನ್ ಅಂತ ಕರೆಯುತ್ತಾರೆ. ಕಾರಣ ಅದೇ ಇರಬೇಕು ಅಂತ ಆಡುವವರು ಊಹಿಸಿದರು. ನಮ್ಮಲ್ಲಿ ಮಂಡಳಿ ಇಲ್ಲ ಅಂದೆನಲ್ಲ, ಅದರ ಇನ್ನೊಂದು ಮುಖ ಇದು. ಆಸ್ಟ್ರೇಲಿಯಾದಲ್ಲಿ ಕಂಪನಿಗೆ ಒಂದು ಆದೇಶ ಸಿಕ್ಕಿತು, ಅದರಲ್ಲಿ ಕಾರಣ ಇತ್ತು, ಸರಿಮಾಡಿ ಮತ್ತೆ ಕಳಿಸಲು ದಾರಿ ಇತ್ತು. ಇಲ್ಲಿ ಯಾರೂ ಬೇಡ ಅನ್ನದಿದ್ದರೂ ಕಂಪನಿಯೇ ಹೆದರಿ ಹಿಂದೆ ಸರಿಯಿತು. ಲಿಖಿತ ನಿಯಮ ಇಲ್ಲದ ಕಡೆ ಈ ಬಗೆಯ ಸೆನ್ಸಾರ್ ನಡೆದರೆ ಕೇಳುವವರೇ ಇರುವುದಿಲ್ಲ.

ನಿಮ್ಮ ಮಗನ ವಯಸ್ಸಿನವರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಬಿಜಿಎಂಐ ಅನ್ನುವ ಗುಂಡು ಹೊಡೆಯುವ ಮೊಬೈಲ್ ಗೇಮ್. ಪಬ್‌ಜಿ ಮೊಬೈಲ್ ಅನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ತಡೆಹಿಡಿಯಿತು. ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿ, ಆಟದಲ್ಲಿನ ಹಿಂಸೆ ಅಲ್ಲ. 2021ರಲ್ಲಿ ಅದೇ ಆಟ ಬಿಜಿಎಂಐ ಹೆಸರಲ್ಲಿ ಬಂದಾಗ ಹಸಿರು ರಕ್ತ ಸುರಿಸುತ್ತಿತ್ತು. ಕೊಂದರು ಅನ್ನುವ ಜಾಗದಲ್ಲಿ ಮುಗಿಸಿದರು ಅನ್ನುವ ಅರ್ಥದ ಪದ ಬಂತು. ಜೊತೆಗೆ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಆಟ, 7,000 ರೂಪಾಯಿ ಖರ್ಚಿನ ಮಿತಿ.

ರಕ್ತ ಹಸಿರಾದರೆ ಗುಂಡು ಹೊಡೆಯುವ ಆಟ ಬೇರೆ ಆಟವಾಗುವುದಿಲ್ಲ. ಹನ್ನೆರಡರ ಹುಡುಗನಿಗೆ ಅದು ರಕ್ತ ಅಂತ ಗೊತ್ತು. ಗಂಟೆಗೂ ದುಡ್ಡಿಗೂ ಮಿತಿ ಹಾಕಿದ್ದು ಸರಿಯಾದ ದಿಕ್ಕು. ಆದರೆ ದಿನಕ್ಕೆ 7,000 ರೂಪಾಯಿ! ತಿಂಗಳಿಗೆ ಅಷ್ಟು ಉಳಿಸಲು ಒದ್ದಾಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಮಗುವಿನ ಕೈಯಲ್ಲಿ ಅದನ್ನು ಮಿತಿ ಅಂತ ಕರೆಯಲು ಆಗುವುದಿಲ್ಲ. ಅದೂ ಹುಡುಗ ವಯಸ್ಸನ್ನು ನಿಜ ಹೇಳಿದರೆ ಮಾತ್ರ.

ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಆ ನಂಬರ್ ನೋಡಿದರೆ ಸಾಕಾ ಅನ್ನುವುದಕ್ಕೆ, ಇಲ್ಲೇ ಉತ್ತರ ಇದೆ. ಸಾಕಾಗುವುದಿಲ್ಲ. ಪರದೆ ಮೇಲೆ ಕಣ್ಣಿಗೆ ಕಾಣುವುದನ್ನು ಅಳೆಯುವುದರಲ್ಲಿ ರೇಟಿಂಗ್‌ಗಳು ಪಳಗಿವೆ. ಆಟ ಜೇಬಿಗೆ ಏನು ಮಾಡುತ್ತದೆ ಅನ್ನುವುದರಲ್ಲಿ ಬಹಳ ಹಿಂದಿವೆ. ಬಲಾಟ್ರೊ ಅನ್ನುವ ಇಸ್ಪೀಟಿನ ಆಟಕ್ಕೆ ಪೆಗಿ 18 ಕೊಟ್ಟಿತ್ತು. ಅದರಲ್ಲಿ ಒಂದು ಪೈಸೆ ಬಾಜಿ ಕಟ್ಟಲು ಆಗುವುದಿಲ್ಲ. ಪೋಕರ್‌ನ ಎಲೆಗಳ ಜೋಡಣೆ ಇದೆ ಅನ್ನುವುದೇ ಕಾರಣ. ಅದೇ ಹೊತ್ತಿಗೆ ಇಎ ಸ್ಪೋರ್ಟ್ಸ್ ಎಫ್‌ಸಿ ಫುಟ್‌ಬಾಲ್ ಆಟಕ್ಕೆ ಪೆಗಿ 3. ಅದರಲ್ಲಿ ನಿಜವಾದ ದುಡ್ಡು ಕೊಟ್ಟು ಮುಚ್ಚಿದ ಪ್ಯಾಕ್ ಕೊಳ್ಳಬಹುದು. ಒಳಗೆ ಯಾವ ಆಟಗಾರ ಇದ್ದಾನೆ ಅಂತ ಒಡೆದಾಗಲೇ ಗೊತ್ತು. ಒಳ್ಳೆಯವನು ಸಿಗದಿದ್ದರೆ ಇನ್ನೊಂದು ಪ್ಯಾಕ್. ಇದನ್ನೇ ಲೂಟ್ ಬಾಕ್ಸ್ ಅನ್ನುತ್ತಾರೆ. ನಮ್ಮ ಜಾತ್ರೆಗಳಲ್ಲಿ ಚೀಟಿ ಎತ್ತಿಸುವ ಅಂಗಡಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಬಲಾಟ್ರೊದವರು ಮೇಲ್ಮನವಿ ಹಾಕಿದ ಮೇಲೆ 2025ರ ಫೆಬ್ರವರಿಯಲ್ಲಿ ಅದರ ರೇಟಿಂಗ್ 12ಕ್ಕೆ ಇಳಿಯಿತು.

ಕೆಲವು ದೇಶಗಳು ಎಚ್ಚೆತ್ತಿವೆ. ಬೆಲ್ಜಿಯಂ 2018ರಲ್ಲೇ ದುಡ್ಡಿನ ಲೂಟ್ ಬಾಕ್ಸ್ ಜೂಜು ಅಂದಿತು. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ರೇಟಿಂಗ್‌ನಲ್ಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ನಮ್ಮಲ್ಲಿ ಚರ್ಚೆ ಎಲ್ಲ ನಡೆದಿದ್ದು ಹಣ ಕಟ್ಟಿ ಗೆಲ್ಲುವ ರಮ್ಮಿ, ಪೋಕರ್ ಆ್ಯಪ್‌ಗಳ ಸುತ್ತ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅವನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಹಣದ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂತು. ಅದು ಬಂದಿದ್ದರಿಂದ ಮಕ್ಕಳ ಗೇಮ್‌ಗಳೆಲ್ಲ ಜರಡಿ ಹಿಡಿದು ಬರುತ್ತಿವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರು ವರ್ಷದವರಿಗೂ ಸರಿ ಅನ್ನಿಸಿಕೊಂಡ ಆಟದೊಳಗಿನ ಪ್ಯಾಕ್‌ಗೆ ವಯಸ್ಸಿನ ನಂಬರ್ ಹಾಕುವುದು ಅದರ ಉದ್ದೇಶವೇ ಅಲ್ಲ.

ನಂಬರ್ ಹೇಳದ ಇನ್ನೂ ಎರಡು ಸಂಗತಿ ಇವೆ. ಒಂದು, ಆನ್‌ಲೈನ್‌ನಲ್ಲಿ ಎದುರಿಗೆ ಆಡುವ ಅಪರಿಚಿತರು. ಅವರು ಏನು ಮಾತಾಡುತ್ತಾರೋ ಅದಕ್ಕೆ ನಮ್ಮ ರೇಟಿಂಗ್ ಅನ್ವಯಿಸುವುದಿಲ್ಲ ಅಂತ ಇಎಸ್‌ಆರ್‌ಬಿಯೇ ಬರೆದು ಹೇಳುತ್ತದೆ. ಇನ್ನೊಂದು, ಸಮಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಗೀಳಿಗಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಗೀಳು ಹತ್ತಿಸುವ ಆಟಕ್ಕೆ ರಕ್ತವೂ ಬೇಕಿಲ್ಲ, ಬೈಗುಳವೂ ಬೇಕಿಲ್ಲ. 3+ ಇರುವ ಮಿಠಾಯಿ ಜೋಡಿಸುವ ಆಟಕ್ಕೂ ಆ ಶಕ್ತಿ ಇದೆ.

ಈಗ ನೀವು ಮಾಡಬಹುದಾದ ಕೆಲಸ. ಪ್ಲೇ ಸ್ಟೋರ್‌ನಲ್ಲಿ ಗೇಮ್ ತೆರೆದು ನಂಬರ್ ಮೇಲೆ ಒತ್ತಿ. ಅದು ಯಾಕೆ ಬಂತು ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ: ಹಿಂಸೆಗಾ, ಭಾಷೆಗಾ, ಜೂಜಿಗಾ. ಆಟದೊಳಗೆ ಖರೀದಿ ಇದೆಯಾ, ಆಟಗಾರರು ಮಾತಾಡಿಕೊಳ್ಳಬಹುದಾ ಅನ್ನುವುದನ್ನೂ ನೋಡಿ. ಗೊಂಬೆಯಂಥ ಪಾತ್ರಗಳು ಹೊಡೆದಾಡುವುದಕ್ಕೆ 12+ ಬಂದಿದ್ದು ನನ್ನನ್ನು ಅಷ್ಟು ಕಾಡುವುದಿಲ್ಲ. 7+ ಇದ್ದು ಅಪರಿಚಿತರ ಜೊತೆ ವಾಯ್ಸ್ ಚಾಟ್ ಇದ್ದರೆ ಕಾಡುತ್ತದೆ. ಆಮೇಲೆ ಯೂಟ್ಯೂಬ್‌ನಲ್ಲಿ ಆ ಗೇಮ್ ಯಾರೋ ಆಡುತ್ತಿರುವ ಹತ್ತು ನಿಮಿಷ ನೋಡಿ. ಯಾವ ನಂಬರ್‌ಗಿಂತಲೂ ಜಾಸ್ತಿ ತಿಳಿಯುತ್ತದೆ.

ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಮಿಲಿ ಅನ್ನುವ ಕಡೆ ಪೇರೆಂಟಲ್ ಕಂಟ್ರೋಲ್ಸ್ ಇದೆ. ಅಲ್ಲಿ ಒಂದು ಪಿನ್ ಇಟ್ಟು 12+ ವರೆಗೆ ಮಾತ್ರ ಅಂತ ಮಾಡಬಹುದು. ಇದು ಆ ಒಂದು ಫೋನಿಗೆ ಮಾತ್ರ ಅನ್ವಯಿಸುತ್ತದೆ, ಮನೆಯಲ್ಲಿ ಎರಡು ಫೋನ್ ಇದ್ದರೆ ಎರಡರಲ್ಲೂ ಮಾಡಬೇಕು. ಅಲ್ಲೇ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿಡಿ. ಹುಡುಗನಿಗೆ ಅವನದೇ ಫೋನ್ ಇದ್ದರೆ ಫ್ಯಾಮಿಲಿ ಲಿಂಕ್ ಆ್ಯಪ್ ಇನ್ನೂ ಒಳ್ಳೆಯದು. ಹೊಸ ಗೇಮ್‌ಗೆ ನಿಮ್ಮ ಒಪ್ಪಿಗೆ ಕೇಳುತ್ತದೆ, ದಿನಕ್ಕೆ ಇಷ್ಟು ಹೊತ್ತು ಅಂತಲೂ ಇಡಬಹುದು. ಗೆಳೆಯರು ವಾಟ್ಸಾಪ್‌ನಲ್ಲೋ ಟೆಲಿಗ್ರಾಂನಲ್ಲೋ ಕಳಿಸುವ ಎಪಿಕೆ ಫೈಲ್‌ಗಳಿಗೆ, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೇ ನೇರವಾಗಿ ಹಾಕಿಕೊಳ್ಳುವ ಆ್ಯಪ್‌ಗಳಿಗೆ, ಮಾತ್ರ ಪ್ಲೇ ಸ್ಟೋರ್‌ನ ಪಿನ್ ನಾಟುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಆ್ಯಪ್ ಹಾಕಿಕೊಳ್ಳುವ ಅನುಮತಿಯನ್ನು ಆಫ್ ಮಾಡಿ. ಯಾಕೆ ಆಫ್ ಮಾಡಿದಿರಿ ಅಂತ ಮಗ ಕೇಳಿದರೆ ಕಾರಣ ಹೇಳಿ, ಹನ್ನೆರಡು ವರ್ಷದವನಿಗೆ ಅರ್ಥವಾಗುತ್ತದೆ.