ಓಡದೇ ಗೆದ್ದ ಲೂಪ್

ಒಂದರಿಂದ ನೂರು ಕೋಟಿವರೆಗಿನ ಸಂಖ್ಯೆಗಳನ್ನು ಕೂಡುವ ಪುಟ್ಟ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಒಂದನ್ನು ಸಿ ಭಾಷೆಯಲ್ಲಿ ಬರೆದು, ಅದನ್ನು ಯಂತ್ರದ ಭಾಷೆಗೆ ಬದಲಿಸುವ ಕ್ಲ್ಯಾಂಗ್ ಕಂಪೈಲರ್‌ಗೆ ಓ2 ಆಯ್ಕೆ (ಕೋಡನ್ನು ಆಪ್ಟಿಮೈಸ್ ಮಾಡು, ಅಂದರೆ ಚುರುಕುಗೊಳಿಸು ಅಂತ) ಕೊಟ್ಟು ಓಡಿಸಿ. ಎಂಟರ್ ಒತ್ತಿದ ಕೂಡಲೇ ಉತ್ತರ ಬರುತ್ತದೆ. ಅಷ್ಟು ಬೇಗ ನೂರು ಕೋಟಿ ಸಲ ಕೂಡಿತಾ? ಇಲ್ಲ. ಕಂಪೈಲರ್ ಆ ಲೂಪನ್ನು ಓದಿ, ಇದು ಶಾಲೆಯಲ್ಲಿ ಕಲಿಯುವ ಮೊತ್ತದ ಸೂತ್ರ ಅಂತ ಕಂಡುಕೊಂಡು, ಲೂಪನ್ನೇ ಕಿತ್ತು ಹಾಕಿರುತ್ತದೆ. ಮೊತ್ತವನ್ನು ನೀವು ಎಲ್ಲೂ ಪ್ರಿಂಟ್ ಮಾಡದಿದ್ದರಂತೂ ಮುಗಿದೇ ಹೋಯಿತು: ಯಾರಿಗೂ ಬೇಡದ ಲೆಕ್ಕ ಯಾಕೆ ಅಂತ ಪೂರ್ತಿ ಬಿಟ್ಟುಬಿಡುತ್ತದೆ.

ಇದೇ ಲೂಪನ್ನು ಪೈಥಾನ್‌ನಲ್ಲಿ ಓಡಿಸಿದರೆ ಅದು ಪಾಪ, ಪ್ರತಿ ಸಂಖ್ಯೆಯನ್ನೂ ನಿಜವಾಗಿ ಕೂಡುತ್ತದೆ. ಎರಡರ ಸಮಯ ಪಕ್ಕಪಕ್ಕ ಇಟ್ಟು ‘ಸಿ ಇಷ್ಟು ಲಕ್ಷ ಪಟ್ಟು ವೇಗ’ ಅಂದರೆ ಅದಕ್ಕೆ ಅರ್ಥ ಇದೆಯಾ? ಒಂದು ಕಡೆ ಕೆಲಸವೇ ನಡೆದಿಲ್ಲ, ಅಲ್ವಾ? ಆಪ್ಟಿಮೈಸೇಶನ್ ಆನ್ ಮಾಡದೇ ಸಿ ಕೋಡ್ ಓಡಿಸಿ, ‘ಅಯ್ಯೋ, ಇದೇನು ಇಷ್ಟು ನಿಧಾನ’ ಅನ್ನುವವರೂ ಕಡಿಮೆ ಇಲ್ಲ. ಅದು ಇನ್ನೊಂದು ತುದಿಯ ತಪ್ಪು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಕಂಪ್ಯೂಟರ್‌ಗಳ ವೇಗ ಅಳೆಯಲೆಂದೇ 1988ರಲ್ಲಿ ಸ್ಪೆಕ್ ಸಂಸ್ಥೆ ಹುಟ್ಟಿತು. ಅದರ ಮೊದಲ ಪರೀಕ್ಷಾ ಗುಂಪಿನಲ್ಲಿ ಮ್ಯಾಟ್ರಿಕ್ಸ್300 ಎಂಬ ಪ್ರೋಗ್ರಾಂ ಇತ್ತು. ಅದರ ಸಮಯವೆಲ್ಲ ಹೋಗುತ್ತಿದ್ದದ್ದು ಮ್ಯಾಟ್ರಿಕ್ಸ್ ಗುಣಾಕಾರದ ಒಂದೇ ಜಾಗದಲ್ಲಿ. ಕಂಪೈಲರ್ ಬರೆಯುವವರು ಆ ಲೂಪನ್ನು ಕ್ಯಾಶ್‌ನಲ್ಲಿ (ಪ್ರೊಸೆಸರ್ ಪಕ್ಕದಲ್ಲೇ ಇರುವ ಪುಟ್ಟ, ವೇಗದ ಮೆಮೊರಿ) ಹಿಡಿಸುವಷ್ಟು ತುಂಡುಗಳಾಗಿ ಒಡೆಯುವ ಉಪಾಯ ಹೂಡಿದರು. ಅಂಕಗಳು ದಿಢೀರನೆ ಏರಿದವು. ಯಂತ್ರ ಮಾತ್ರ ಅದೇ! ಮುಂದಿನ ಆವೃತ್ತಿಯಲ್ಲಿ ಆ ಪರೀಕ್ಷೆಯನ್ನೇ ಕೈಬಿಟ್ಟರು.

ಇದಕ್ಕಿಂತ ತಮಾಷೆಯ ಸಂಗತಿ 2009ರಲ್ಲಿ ಹೊರಬಂತು. ಪ್ರೋಗ್ರಾಂಗೆ ಸಂಬಂಧವೇ ಇಲ್ಲದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಆಪರೇಟಿಂಗ್ ಸಿಸ್ಟಂ ಪ್ರತಿ ಪ್ರೋಗ್ರಾಂಗೂ ಕೊಡುವ ಸೆಟ್ಟಿಂಗ್‌ಗಳು) ಸ್ವಲ್ಪ ಉದ್ದವಾದರೂ ಸಾಕು, ಓಡುವ ಸಮಯ ಬದಲಾಗುತ್ತದೆ ಎಂದು ಟಾಡ್ ಮಿಟ್ಕೋವಿಚ್ ಮತ್ತು ಸಂಗಡಿಗರು ತೋರಿಸಿದರು. ಅವು ಉದ್ದವಾದಷ್ಟೂ ಮೆಮೊರಿಯಲ್ಲಿ ಸ್ಟ್ಯಾಕ್ (ಪ್ರೋಗ್ರಾಂ ತನ್ನ ತಾತ್ಕಾಲಿಕ ಲೆಕ್ಕ ಇಡುವ ಭಾಗ) ಶುರುವಾಗುವ ಜಾಗ ಸರಿಯುತ್ತದೆ. ಓ2ಗಿಂತ ಇನ್ನೂ ಜಾಸ್ತಿ ಆಪ್ಟಿಮೈಸ್ ಮಾಡುವ ಓ3 ಮೇಲೋ ಅಲ್ಲವೋ ಎಂಬ ತೀರ್ಪೇ ಇಷ್ಟರಿಂದ ಉಲ್ಟಾ ಆಗಬಹುದು. ಹಾಗಾಗಿ ಎರಡು ಕಂಪೈಲರ್‌ಗಳ ನಡುವೆ ನಾಲ್ಕೈದು ಶೇಕಡಾ ವ್ಯತ್ಯಾಸ ಅಂತ ಯಾರಾದರೂ ಹೇಳಿದರೆ ನಾನು ಸುಮ್ನೆ ತಲೆಯಾಡಿಸಿ ಮುಂದೆ ಹೋಗುತ್ತೇನೆ.

ಹಾಗಾದರೆ ಭಾಷೆಯಿಂದ ವ್ಯತ್ಯಾಸವೇ ಇಲ್ಲವಾ? ಖಂಡಿತ ಇದೆ. 2020ರಲ್ಲಿ ಎಂಐಟಿಯ ಚಾರ್ಲ್ಸ್ ಲೈಸರ್‌ಸನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. 4096 ಸಾಲು, ಅಷ್ಟೇ ಕಾಲಂ ಇರುವ ಎರಡು ಮ್ಯಾಟ್ರಿಕ್ಸ್‌ಗಳ ಗುಣಾಕಾರ. ಪೈಥಾನ್‌ನಲ್ಲಿ ಸುಮಾರು 7 ಗಂಟೆ, ಜಾವಾದಲ್ಲಿ ಸುಮಾರು 40 ನಿಮಿಷ, ಸಿಯಲ್ಲಿ ಸುಮಾರು 9 ನಿಮಿಷ. ಪೈಥಾನ್ ಬಿಟ್ಟು ಸಿಗೆ ಬಂದರೆ 47 ಪಟ್ಟು ಲಾಭ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಸಿಯಲ್ಲೇ ಇದ್ದುಕೊಂಡು ಕೆಲಸವನ್ನು 18 ಕೋರ್‌ಗಳಿಗೆ ಹಂಚಿದರು, ಡೇಟಾ ಕ್ಯಾಶ್‌ನಲ್ಲೇ ಉಳಿಯುವಂತೆ ಒಡೆದರು, ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ವೆಕ್ಟರ್ ಸೂಚನೆಗಳನ್ನು ಬಳಸಿದರು. ಕೊನೆಗೆ ತಗುಲಿದ್ದು 0.41 ಸೆಕೆಂಡ್. ಅಂದರೆ ಭಾಷೆ ಬದಲಿಸಿದ ಮೇಲೂ ಇನ್ನೂ 1300 ಪಟ್ಟು ಅಲ್ಲೇ ಬಿದ್ದಿತ್ತು.

ಈ ಕೆಲಸವನ್ನು ಬೇರೆಯವರು ಮೊದಲೇ ಮಾಡಿಟ್ಟಿದ್ದರೆ ಭಾಷೆಯ ಚಿಂತೆಯೂ ಕಡಿಮೆ. ಪೈಥಾನ್‌ನಲ್ಲಿ ನಮ್‌ಪೈ ಎಂಬ ಲೈಬ್ರರಿ (ಸಿದ್ಧ ಕೋಡ್‌ಗಳ ಸಂಗ್ರಹ) ಕರೆದು ಮ್ಯಾಟ್ರಿಕ್ಸ್ ಗುಣಿಸಿದರೆ, ಒಳಗೆ ದುಡಿಯುವುದು ಸಿ, ಅಸೆಂಬ್ಲಿಯಲ್ಲಿ ಪಳಗಿದ ಕೋಡ್. ಸೈಪೈ ಎಂಬ ಇನ್ನೊಂದು ಲೈಬ್ರರಿಯ ಕೆಳಗಂತೂ, 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಸಾಲುಗಳು ಬಹುಕಾಲ ದುಡಿದಿವೆ.

ಆದ್ದರಿಂದ ಭಾಷೆ ಆರಿಸುವ ಮೊದಲು, ನಿಮ್ಮ ಪ್ರೋಗ್ರಾಂ ಸಮಯ ಕಳೆಯುವುದು ಎಲ್ಲಿ ಅಂತ ಪ್ರೊಫೈಲರ್ (ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವ ಸಾಧನ) ಹಾಕಿ ನೋಡಿ. ಡೇಟಾಬೇಸ್ ಉತ್ತರಕ್ಕೆ ಕಾಯುವುದೇ ಜಾಸ್ತಿ ಇದ್ದರೆ ರಸ್ಟ್‌ನಂಥ ವೇಗದ ಭಾಷೆಯಲ್ಲಿ ತಿರುಗಿ ಬರೆದರೂ ಕಾಯುವ ಹೊತ್ತು ಅಷ್ಟೇ. ಕ್ಷಣದಲ್ಲಿ ಓಡಿ ಮುಗಿಯುವ ಕಮಾಂಡ್‌ಗೆ ಜಾವಾ ಒಗ್ಗುವುದು ಕಷ್ಟ, ಪ್ರೋಗ್ರಾಂ ಓಡುತ್ತಿರುವಾಗಲೇ ಕಂಪೈಲ್ ಮಾಡುವ ಅದರ ಜಿಟ್ ಕಂಪೈಲರ್‌ಗೆ ಬಿಸಿಯಾಗಲು ಹೊತ್ತು ಬೇಕು. ದಿನಗಟ್ಟಲೆ ಓಡುವ ಸರ್ವರ್‌ನಲ್ಲಿ ಅದೇ ಜಾವಾ ಚೆನ್ನಾಗಿ ದುಡಿಯುತ್ತದೆ. ಕಂಪೈಲ್ ಆಗಲು ಹಿಡಿಯುವ ಸಮಯವನ್ನೂ ಮರೆಯಬೇಡಿ. ಗೋ ಭಾಷೆ ಹುಟ್ಟಿದ ಕಾರಣಗಳಲ್ಲಿ ಅದೂ ಒಂದು: ದೊಡ್ಡ ಸಿ++ ಪ್ರೋಗ್ರಾಂಗಳು ಕಂಪೈಲ್ ಆಗುವುದನ್ನು ಕಾದು ಕಾದು ಗೂಗಲ್‌ನ ಎಂಜಿನಿಯರ್‌ಗಳಿಗೆ ಬೇಸತ್ತು ಹೋಗಿತ್ತು.