ಮಿಲಾಗ್ರಿಸ್ ಇಗರ್ಜಿಗೆ ಜಾಗ ಕೊಟ್ಟ ಚೆನ್ನಮ್ಮ ಯಾರು?

ಮಂಗಳೂರಿನ ಓದುಗರೊಬ್ಬರ ಪ್ರಶ್ನೆ: "ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿಗೆ ಜಾಗ ಕೊಟ್ಟದ್ದು ರಾಣಿ ಚೆನ್ನಮ್ಮ ಅಂತ ನಮ್ಮ ನೆರೆಮನೆಯ ಬಾಯಮ್ಮ ಹೇಳ್ತಾರೆ. ಕಿತ್ತೂರಿನ ರಾಣಿಗೂ ಮಂಗಳೂರಿಗೂ ಎಲ್ಲಿಯ ಸಂಬಂಧ? ಲಿಂಗಾಯತ ರಾಣಿಯೊಬ್ಬಳು ಚರ್ಚಿಗೆ ಯಾಕೆ ಜಾಗ ಕೊಟ್ಟಳು? ಏಳನೇ ಕ್ಲಾಸಿನ ಮಗಳಿಗೆ ತೋರಿಸಲು ಏನಾದರೂ ಉಳಿದಿದೆಯಾ?"

ಬಾಯಮ್ಮ ಹೇಳಿದ್ದು ಸರಿಯೇ. ಆದರೆ ಈಕೆ ಕೆಳದಿಯ ಚೆನ್ನಮ್ಮ, ಚೆನ್ನಮ್ಮಾಜಿ. ಬ್ರಿಟಿಷರ ಮೇಲೆ 1824ರಲ್ಲಿ ಯುದ್ಧಕ್ಕೆ ನಿಂತ ಕಿತ್ತೂರು ಚೆನ್ನಮ್ಮ ಹುಟ್ಟುವುದಕ್ಕೂ ಎಂಬತ್ತು ವರ್ಷ ಮೊದಲೇ ಈಕೆಯ ಆಳ್ವಿಕೆ ಮುಗಿದಿತ್ತು. ಹೆಸರು ಒಂದೇ ಆದದ್ದರಿಂದ ತುಂಬಾ ಜನರಿಗೆ ಈ ಗೊಂದಲವಿದೆ. ಅದರಿಂದ ನಷ್ಟವಾಗಿರುವುದು ಕೆಳದಿಯ ಚೆನ್ನಮ್ಮನಿಗೆ. ಕರಾವಳಿಯವರಾದ ನಾವೇ ಆಕೆಯನ್ನು ಮರೆತರೆ ಹೇಗೆ? ಆಗ ಮಂಗಳೂರು, ಬಾರಕೂರು, ಕುಂದಾಪುರ ಎಲ್ಲ ಕೆಳದಿಯ ಸೀಮೆಯಲ್ಲೇ ಇದ್ದವು. ನಮ್ಮ ಅಕ್ಕಿ, ಕಾಳುಮೆಣಸಿನ ಸುಂಕ ಘಟ್ಟ ಹತ್ತಿ ಬಿದನೂರಿಗೆ ಹೋಗುತ್ತಿತ್ತು. ಬಿದನೂರು ಅಂದರೆ ಆಗ ಕೆಳದಿ ರಾಜ್ಯದ ರಾಜಧಾನಿ; ಇವತ್ತಿನ ನಗರ, ಹೊಸನಗರ ತಾಲೂಕಿನ ಊರು.

ಚೆನ್ನಮ್ಮ ಹುಟ್ಟಿದ್ದು ಅರಮನೆಯಲ್ಲಿ ಅಲ್ಲ. ಕೋಟಿಪುರದ ವ್ಯಾಪಾರಿ ಸಿದ್ದಪ್ಪ ಶೆಟ್ಟರ ಮಗಳು. ಶಿವಪ್ಪ ನಾಯಕನ ಮಗ, ಕೆಳದಿಯ ಅರಸ ಸೋಮಶೇಖರ ನಾಯಕ ಆಕೆಯನ್ನು ಮದುವೆಯಾದ. ಮುಂದೆ ಅವನು ದುಶ್ಚಟಕ್ಕೆ ಬಿದ್ದ, ಅರಮನೆಯ ಒಳಜಗಳದಲ್ಲಿ ಕೊಲೆಯಾದ. ಮಕ್ಕಳಿಲ್ಲ. ದುರ್ಬಲ ರಾಜ್ಯ ಅಂತ ಬಿಜಾಪುರದ ಸೈನ್ಯವೂ ಬಂತು. ರಾಣಿ ಬಿದನೂರು ಬಿಟ್ಟು ಭುವನಗಿರಿ ದುರ್ಗಕ್ಕೆ, ಅಂದರೆ ಕವಲೇದುರ್ಗಕ್ಕೆ ಹೋಗಿ, ಅಲ್ಲಿಂದಲೇ ಸೈನ್ಯ ಕಟ್ಟಿ ರಾಜಧಾನಿಯನ್ನು ವಾಪಸ್ ಪಡೆದಳು. ಬಸಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಳು. ಸುಮಾರು 1672ರಿಂದ 1697ರವರೆಗೆ ಆಳಿದಳು.

ಈಗ ಚರ್ಚಿನ ವಿಷಯಕ್ಕೆ ಬರೋಣ. ಇದಕ್ಕೆ ಸ್ವಲ್ಪ ಹಿಂದಿನ ಕತೆ ಬೇಕು. ಮಂಗಳೂರಿನ ಕೋಟೆಯಲ್ಲಿ ಕೂತಿದ್ದ ಪೋರ್ಚುಗೀಸರನ್ನು 1650ರ ದಶಕದಲ್ಲಿ ಓಡಿಸಿದ್ದು ಇದೇ ಚೆನ್ನಮ್ಮನ ಮಾವ ಶಿವಪ್ಪ ನಾಯಕ. ಆದರೆ ಗೋವಾದಿಂದ ಬಂದು ಇಲ್ಲಿ ನೆಲೆ ನಿಂತ ಕೊಂಕಣಿ ಕ್ರೈಸ್ತರು ಎಲ್ಲಿಗೂ ಹೋಗಿರಲಿಲ್ಲ. ಅವರು ಬೇಸಾಯಗಾರರು, ಗದ್ದೆ ಮಾಡಿಕೊಂಡು ಗೇಣಿ ಕಟ್ಟಿಕೊಂಡು ಇದ್ದವರು. ಪೋರ್ಚುಗೀಸರ ಜೊತೆಗಿನ ವೈರವನ್ನು ಈ ಒಕ್ಕಲುಗಳ ತಲೆಗೆ ಕಟ್ಟಬಹುದಿತ್ತು. ಚೆನ್ನಮ್ಮ ಕಟ್ಟಲಿಲ್ಲ. 1678ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಮಂಗಳೂರಿನಲ್ಲಿ ವ್ಯಾಪಾರದ ಕೋಠಿ ಕಟ್ಟಿಕೊಳ್ಳಲು ಆಕೆ ಒಪ್ಪಿದಳು. ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲೂ ಅನುಮತಿ ಕೊಟ್ಟಳು. ಉಡುಪಿ ಕಡೆಯವರು ಗಮನಿಸಿ, ಸಂತೆಕಟ್ಟೆಯಿಂದ ಪಡುವಣಕ್ಕೆ ತಿರುಗಿದರೆ ಸಿಗುವ ಕಲ್ಯಾಣಪುರದ ಮಿಲಾಗ್ರಿಸ್ ಶುರುವಾದದ್ದೂ ಅದೇ 1678ರಲ್ಲಿ. ಈಗ ಅದು ಉಡುಪಿ ಧರ್ಮಪ್ರಾಂತ್ಯದ ಕೆಥೆಡ್ರಲ್.

ಎರಡೇ ವರ್ಷಕ್ಕೆ, 1680ರಲ್ಲಿ, ಹಂಪನಕಟ್ಟೆಯ ಜಾಗ. ಅದನ್ನು ಪಡೆದವರು ಬಿಷಪ್ ತೋಮಸ್ ದೆ ಕಾಸ್ತ್ರೊ. ಗೋವಾದ ದಿವಾಡ ದ್ವೀಪದವರು, ನೇರವಾಗಿ ರೋಮಿನಿಂದ ನೇಮಕವಾದವರು. ಇವರೆಂದರೆ ಪೋರ್ಚುಗೀಸರಿಗೆ ಆಗುತ್ತಿರಲಿಲ್ಲ. ಇಲ್ಲಿಯ ಇಗರ್ಜಿಗಳ ಮೇಲಿನ ಅಧಿಕಾರ ತಮ್ಮದು, ಪೋಪ್ ಬೇರೆ ಬಿಷಪ್ಪರನ್ನು ಕಳಿಸಬಾರದು ಅನ್ನುವುದು ಅವರ ಹಟ. ಹಾಗಿದ್ದೂ ರಾಣಿ ಇವರಿಗೆ ಜಾಗ ಕೊಟ್ಟಳು. ನನಗೆ ಈ ಇಡೀ ಕತೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಸುಮ್ನೆ ಪೋರ್ಚುಗೀಸರನ್ನು ಖುಷಿ ಮಾಡಲು ಕೊಟ್ಟಿದ್ದರೆ ಅವರಿಗಾಗದ ಬಿಷಪ್ಪರಿಗೆ ಕೊಡಬೇಕಾಗಿರಲಿಲ್ಲ, ಅಲ್ವಾ? ಊರಿನ ಕ್ರೈಸ್ತರಿಗೆ ಪೂಜೆಗೊಂದು ಜಾಗ ಬೇಕಿತ್ತು. ಕೊಡುವ ಕೈ ಆಕೆಯದಾಗಿತ್ತು. ಈಗ ನೋಡುವ ಕಟ್ಟಡ ಆಗಿನದ್ದಲ್ಲ. 1784ರಲ್ಲಿ ಟಿಪ್ಪುವಿನ ಕಾಲಕ್ಕೆ ಹಳೆಯದು ನೆಲಸಮವಾಯಿತು. ಆಮೇಲೆ ಮತ್ತೆ ಕಟ್ಟಿದರು.

ಹಾಗಾದರೆ ಎಲ್ಲವೂ ದಯೆಯೇ, ರಾಜಕೀಯ ಏನೂ ಇರಲಿಲ್ಲವೇ ಅಂತ ಕೇಳಬಹುದು. ಖಂಡಿತ ಇತ್ತು. ಗೋವಾಕ್ಕೆ ನಮ್ಮ ಅಕ್ಕಿ ಬೇಕು, ಕೆಳದಿಗೆ ಬಂದರಿನ ವ್ಯಾಪಾರ ಬೇಕು. ಒಳ್ಳೆಯ ಒಕ್ಕಲು ಊರು ಬಿಟ್ಟರೆ ಗದ್ದೆ ಹಡಿಲು ಬೀಳುತ್ತದೆ. ವ್ಯಾಪಾರಿಯ ಮಗಳಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಲೆಕ್ಕ ನೋಡಿ ಮಾತ್ರ ಕೊಡುವವರು ನಷ್ಟ ಕಂಡ ಕೂಡಲೇ ಕೈ ಹಿಂದೆಗೆಯುತ್ತಾರೆ. ಚೆನ್ನಮ್ಮ ಏನು ಮಾಡಿದಳು ಎನ್ನುವುದು 1689ರಲ್ಲಿ ಗೊತ್ತಾಯಿತು.

ಆ ವರ್ಷದ ಮಾರ್ಚ್‌ನಲ್ಲಿ ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಕೊಲ್ಲಿಸಿದ. ತಮ್ಮ ರಾಜಾರಾಮ ಪ್ರಾಣ ಉಳಿಸಿಕೊಂಡು ದಕ್ಷಿಣದ ಜಿಂಜಿ ಕೋಟೆಗೆ ಹೊರಟ. ವಯಸ್ಸು ಹತ್ತೊಂಬತ್ತು. ದಾರಿಯಲ್ಲಿ ಸಿಕ್ಕಿದ್ದು ಕೆಳದಿ ರಾಜ್ಯ. ರಾಣಿ ಜಂಗಮರಿಗೆ ದಾನ ಕೊಡುತ್ತಿದ್ದಾಗ ಜಂಗಮನ ವೇಷದಲ್ಲೇ ಬಂದು ಆಶ್ರಯ ಕೇಳಿದ ಅಂತ ಮಲೆನಾಡಿನಲ್ಲಿ ಕತೆ ಹೇಳುತ್ತಾರೆ. ವೇಷದ ಮಾತು ಹೇಗೇ ಇರಲಿ, ರಾಣಿ ಆಶ್ರಯ ಕೊಟ್ಟದ್ದು, ತನ್ನ ನಾಡಿನ ಮೂಲಕ ಅವನನ್ನು ಜೋಪಾನವಾಗಿ ದಾಟಿಸಿದ್ದು ಇತಿಹಾಸ. ಆ ಹೊತ್ತಿಗೆ ಬಿಜಾಪುರ, ಗೋಲ್ಕೊಂಡ ಎರಡೂ ಮೊಘಲರ ಕೈ ಸೇರಿದ್ದವು. ಇಂಡಿಯಾದಲ್ಲೇ ದೊಡ್ಡ ಸೈನ್ಯ ಇದ್ದವನಿಗೆ ಎದುರಾಗಿ ಒಬ್ಬ ಹುಡುಗನನ್ನು ಕಾಯುವುದರಲ್ಲಿ ಕೆಳದಿಗೆ ಏನೂ ಲಾಭವಿರಲಿಲ್ಲ. ಮೊಘಲ್ ಸೈನ್ಯ ಬಂತು. ಕೋಟೆಗಳಿಗೆ ಪೆಟ್ಟು ಬಿತ್ತು. ಕೊನೆಗೆ ಸಂಧಾನವಾಯಿತು. ರಾಜಾರಾಮ ಮಾತ್ರ ಅಷ್ಟರಲ್ಲಿ ಜಿಂಜಿ ಮುಟ್ಟಿದ್ದ.

ಮಠಗಳಿಗೆ ಉಂಬಳಿ, ದಾಸೋಹ, ಅಗ್ರಹಾರ ಹೀಗೆ ಆಕೆಯ ದಾನದ ಪಟ್ಟಿ ಉದ್ದ ಇದೆ. ತನ್ನ ಧರ್ಮದವರಿಗೆ ಕೊಡುವುದು ಆ ಕಾಲದ ಎಲ್ಲ ಅರಸರ ರೂಢಿ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು. ದತ್ತು ಮಗ ಬಸಪ್ಪ ನಾಯಕ ಮುಂದೆ ಶಿವತತ್ತ್ವರತ್ನಾಕರ ಎಂಬ ದೊಡ್ಡ ವಿಶ್ವಕೋಶವನ್ನು ಸಂಸ್ಕೃತದಲ್ಲಿ ಬರೆದ. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಯುದ್ಧ, ಪಿತೂರಿಗಳ ನಡುವೆಯೂ ರಾಣಿ ಈ ಹುಡುಗನ ಓದು ತಪ್ಪಿಸಲಿಲ್ಲ.

ಮಗಳಿಗೆ ಏನು ತೋರಿಸುವುದು? ಮೊದಲು ಎರಡೂ ಮಿಲಾಗ್ರಿಸ್ ತೋರಿಸಿ, ಒಂದು ಭಾನುವಾರ ಸಾಕು. ಆಮೇಲೆ ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾರಿಯಲ್ಲಿ ಹುಲಿಕಲ್ ಘಾಟಿ ಹತ್ತಿ ನಗರಕ್ಕೆ ಹೋಗಿ. ಕೋಟೆಯ ಗೋಡೆ, ಕೆರೆ, ಒಳಗೆ ಅರಮನೆಯ ಅಡಿಪಾಯ ಉಳಿದಿವೆ. ಅಲ್ಲಿ ನಿಂತು ಪಡುವಣ ದಿಕ್ಕು ತೋರಿಸಿ, ನಮ್ಮ ಮಂಗಳೂರಿನ ಜಾಗ ಬರೆದುಕೊಟ್ಟ ಅರಮನೆ ಇದೇ ಊರಿನದು ಅಂತ ಹೇಳಿ. ಇನ್ನೊಂದು ದಿನ ಬಿಡುವಿದ್ದರೆ ಸಾಗರದ ಹತ್ತಿರದ ಕೆಳದಿಗೂ ಹೋಗಿ ಬನ್ನಿ. ಅಲ್ಲಿಯ ರಾಮೇಶ್ವರ ದೇವಸ್ಥಾನದ ಜೊತೆಗೆ ವಸ್ತುಸಂಗ್ರಹಾಲಯವೂ ಇದೆ, ನಾಯಕರ ಕಾಲದ ಕಡತ, ತಾಳೆಗರಿಗಳನ್ನು ಕಾಪಾಡಿ ಇಟ್ಟಿದ್ದಾರೆ. ಮಳೆಗಾಲದಲ್ಲಿ ಮಾತ್ರ ಹೊರಡಬೇಡಿ, ಹುಲಿಕಲ್‌ನಲ್ಲಿ ಮಣ್ಣು ಕುಸಿಯುವುದುಂಟು. ಡಿಸೆಂಬರ್ ರಜೆ ಒಳ್ಳೆಯದು.